ಪರದೆ ದೊಡ್ಡದು, ಚಿತ್ರ ಚಿಕ್ಕದು: ಮಾನಿಟರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹಳೆಯ ಡೆಸ್ಕ್‌ಟಾಪಿಗೆ 21.5 ಇಂಚಿನ ಹೊಸ ಮಾನಿಟರ್ ತಂದು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದೇವೆ. ಒಳಗಿರುವುದು ಎಎಂಡಿ ರೇಡಿಯಾನ್ ಕಾರ್ಡ್. ರೆಸಲ್ಯೂಶನ್ 1920×1080 ಎಂದೇ ಇದೆ. ಆದರೂ ನಾಲ್ಕೂ ಕಡೆ ಬೆರಳಗಲದ ಕಪ್ಪು ಅಂಚು, ಅಕ್ಷರಗಳೂ ಮಬ್ಬು. ಮಾನಿಟರ್ ವಾಪಸ್ ಕೊಡಿ ಎನ್ನುತ್ತಾರೆ. ಕೊಡಬೇಕೇ?
– ಓದುಗರು, ಸಾಗರ

ಉತ್ತರ: ಬೇಡ. ಮಾನಿಟರ್ ಚೆನ್ನಾಗಿಯೇ ಇದೆ. ಚಿತ್ರವನ್ನು ಕುಗ್ಗಿಸಿ ಕಳಿಸುತ್ತಿರುವುದು ನಿಮ್ಮ ಗ್ರಾಫಿಕ್ಸ್ ಕಾರ್ಡ್. ಇದಕ್ಕೆ ಅಂಡರ್‌ಸ್ಕ್ಯಾನ್ ಎನ್ನುತ್ತಾರೆ.

ಹಿಂದಿನ ಡಬ್ಬದಂಥ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ಚೌಕಟ್ಟಿನ ಮರೆಗೆ ತಳ್ಳಿ ತೋರಿಸುತ್ತಿದ್ದವು. ಆ ರೂಢಿ ಚಪ್ಪಟೆ ಟಿವಿಗಳಿಗೂ ಬಂತು. ಎಚ್‌ಡಿಎಂಐ ಮೊದಲು ಬಂದಿದ್ದು ಟಿವಿಗಳಿಗಾಗಿ, 1920×1080 ಕೂಡ ಟಿವಿಯದೇ ಅಳತೆ. ಇವೆರಡೂ ಒಟ್ಟಿಗೆ ಕಂಡಾಗ ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್), ಆ ತುದಿಯಲ್ಲಿರುವುದು ಟಿವಿ, ಅದು ಹೇಗೂ ಅಂಚು ಕತ್ತರಿಸುತ್ತದೆ ಎಂದುಕೊಂಡು ಚಿತ್ರವನ್ನು ಮೊದಲೇ ಕುಗ್ಗಿಸಿಬಿಡುತ್ತದೆ. ಮಾನಿಟರ್ ಏನನ್ನೂ ಕತ್ತರಿಸುವುದಿಲ್ಲ. ಹಾಗಾಗಿ ಕುಗ್ಗಿದ್ದು ಕುಗ್ಗಿದಂತೆಯೇ ಕಾಣುತ್ತದೆ.

ಒಂದು ಲೆಕ್ಕ ನೋಡಿ. 5% ಕುಗ್ಗಿಸಿದರೆ ಅಗಲಕ್ಕೆ 1920 ಚುಕ್ಕಿಗಳ (ಪಿಕ್ಸೆಲ್‌ಗಳ) ಚಿತ್ರ 1824 ಚುಕ್ಕಿಗಳಲ್ಲಿ ಕೂರಬೇಕು. ಎಡಕ್ಕೆ 48, ಬಲಕ್ಕೆ 48 ಚುಕ್ಕಿ ಖಾಲಿ. 21.5 ಇಂಚಿನ ಪರದೆಯಲ್ಲಿ 48 ಚುಕ್ಕಿ ಎಂದರೆ ಸುಮಾರು 1.2 ಸೆಂ.ಮೀ., ನೀವು ಹೇಳಿದ ಬೆರಳಗಲ. ಮಬ್ಬಿಗೂ ಇದೇ ಕಾರಣ. ಅಕ್ಷರದ ಗೆರೆ ಒಂದು ಚುಕ್ಕಿಯ ಮೇಲೆ ಸರಿಯಾಗಿ ಕೂರದೆ ಎರಡರ ನಡುವೆ ಹಂಚಿಹೋಗುತ್ತದೆ.

ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಎಂಡಿ ಸಾಫ್ಟ್‌ವೇರ್ ತೆರೆಯಿರಿ. ಮೇಲೆ ಬಲತುದಿಯ ಹಲ್ಲುಚಕ್ರದ ಗುರುತು ಒತ್ತಿ, ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ. ಅಲ್ಲಿ 'ಎಚ್‌ಡಿಎಂಐ ಸ್ಕೇಲಿಂಗ್' ಎಂಬ ಎಳೆಯುವ ಪಟ್ಟಿ (ಸ್ಲೈಡರ್) ಇದೆ. ಅದನ್ನು 0ಗೆ ಎಳೆಯಿರಿ. ಎಳೆಯುತ್ತಿದ್ದಂತೆಯೇ ಚಿತ್ರ ಅಂಚಿನವರೆಗೆ ಹಿಗ್ಗುವುದು ಕಾಣುತ್ತದೆ. ಕಾರ್ಡ್ ತೀರ ಹಳೆಯದಾಗಿದ್ದರೆ ಇದರ ಬದಲು ಕ್ಯಾಟಲಿಸ್ಟ್ ಕಂಟ್ರೋಲ್ ಸೆಂಟರ್ ಇರುತ್ತದೆ. ಅದರಲ್ಲಿ 'ಮೈ ಡಿಜಿಟಲ್ ಫ್ಲಾಟ್ ಪ್ಯಾನೆಲ್ಸ್' ಕೆಳಗಿನ 'ಸ್ಕೇಲಿಂಗ್ ಆಪ್ಷನ್ಸ್'ಗೆ ಹೋಗಿ 0%ಗೆ ತಂದು 'ಅಪ್ಲೈ' ಒತ್ತಿ. ಡ್ರೈವರ್ ಅಪ್‌ಡೇಟ್ ಆದಾಗ ಅಥವಾ ರಿಫ್ರೆಶ್ ರೇಟ್ ಬದಲಾಯಿಸಿದಾಗ ಈ ಅಂಚು ಮರಳಿ ಬರುವುದುಂಟು. ಗಾಬರಿಯಾಗಬೇಡಿ, ಅದೇ ಜಾಗಕ್ಕೆ ಹೋಗಿ ಮತ್ತೆ 0 ಮಾಡಿ.

ಎನ್‌ವಿಡಿಯಾ ಕಾರ್ಡ್ ಇರುವವರು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಅಂಡ್ ಪೊಸಿಷನ್' ನೋಡಬೇಕು, ಇಂಟೆಲ್‌ನವರು ಗ್ರಾಫಿಕ್ಸ್ ಕಮಾಂಡ್ ಸೆಂಟರ್‌ನಲ್ಲಿ ಡಿಸ್‌ಪ್ಲೇ ಕೆಳಗಿನ 'ಸ್ಕೇಲ್' ನೋಡಬೇಕು. ಎಲ್ಲ ಸರಿಯಿದ್ದೂ ಅಂಚು ಉಳಿದರೆ ಆಗ ಮಾತ್ರ ಮಾನಿಟರಿನ ಗುಂಡಿ ಒತ್ತಿ ಅದರ ಮೆನುವಿಗೆ ಹೋಗಿ. ಪಿಕ್ಚರ್ ಅಥವಾ ಇಮೇಜ್ ವಿಭಾಗದಲ್ಲಿ 1:1, 4:3 ಎಂದಿದ್ದರೆ 'ವೈಡ್' ಅಥವಾ 'ಫುಲ್' ಮಾಡಿ.

ಪ್ರಶ್ನೆ: ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನೀಲಿ ಪ್ಲಗ್ಗಿನ ಹಳೆಯ ಕೇಬಲ್‌ಗಳೇ ಇವೆ. ಒಂದು ಮಾನಿಟರಿನಲ್ಲಿ ಚಿತ್ರ ಬಲಕ್ಕೆ ಸರಿದಿದೆ. ಎಡಕ್ಕೆ ಕಪ್ಪು ಪಟ್ಟಿ, ಬಲಗಡೆ ಗಡಿಯಾರ ಅರ್ಧ ಕಾಣುವುದಿಲ್ಲ. ಇನ್ನೊಂದರಲ್ಲಿ 1024×768ಕ್ಕಿಂತ ಹೆಚ್ಚಿನ ರೆಸಲ್ಯೂಶನ್ ಪಟ್ಟಿಯಲ್ಲೇ ಬರುವುದಿಲ್ಲ.
– ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಎರಡೂ ವಿಜಿಎ ಕೇಬಲ್‌ಗೆ ಸೇರಿದ ತೊಂದರೆಗಳೇ. ಆದರೆ ಕಾರಣ ಬೇರೆ ಬೇರೆ.

ವಿಜಿಎ ಅನಲಾಗ್ ಸಿಗ್ನಲ್. ಚಿತ್ರದ ಸಾಲು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾನಿಟರ್ ತಾನೇ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ಒಂದು ಬದಿ ಕಪ್ಪು, ಎದುರು ಬದಿ ಕತ್ತರಿ. ಇದಕ್ಕೆ ಮಾನಿಟರಿನ 'ಆಟೋ' ಗುಂಡಿ ಸಾಕು, ಆದರೆ ಒತ್ತುವ ಮೊದಲು ಬಿಳಿ ಹಾಳೆ ಕಾಣುವಂತೆ ವರ್ಡ್ ಅಥವಾ ಬ್ರೌಸರನ್ನು ಪೂರ್ತಿ ಪರದೆಗೆ ಹಿಗ್ಗಿಸಿ. ಮಾನಿಟರ್ ಅಳೆಯುವುದು ಬೆಳಕಿನ ಅಂಚನ್ನು. ಕಪ್ಪು ವಾಲ್‌ಪೇಪರ್ ಇಟ್ಟುಕೊಂಡು ಎಷ್ಟು ಸಲ ಆಟೋ ಒತ್ತಿದರೂ ಅದಕ್ಕೆ ಅಂಚು ಸಿಗದೆ ತಪ್ಪು ಜಾಗದಲ್ಲೇ ನಿಲ್ಲಬಹುದು. ಆಟೋ ಆದಮೇಲೂ ಕೊರತೆ ಉಳಿದರೆ ಮೆನುವಿನಲ್ಲಿ ಮೊದಲು 'ಕ್ಲಾಕ್'ನಿಂದ ಅಗಲ ಸರಿಮಾಡಿ, ಆಮೇಲೆ 'ಫೇಸ್'ನಿಂದ ಅಕ್ಷರದ ನಡುಕ ನಿಲ್ಲಿಸಿ, ಕೊನೆಗೆ 'ಎಚ್ ಪೊಸಿಷನ್'ನಿಂದ ಪಕ್ಕಕ್ಕೆ ಸರಿಸಿ. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಎರಡನೆಯದರಲ್ಲಿ ಮಾನಿಟರ್ ತನ್ನ ಅಳತೆಯನ್ನು ಕಂಪ್ಯೂಟರಿಗೆ ಹೇಳಲು ಆಗುತ್ತಿಲ್ಲ. ಪ್ರತಿ ಮಾನಿಟರಿನಲ್ಲೂ ಇಡಿಐಡಿ ಎಂಬ ಪುಟ್ಟ ಮಾಹಿತಿ ಇರುತ್ತದೆ, ಮೂಲತಃ 128 ಬೈಟ್. ವಿಜಿಎಯ 15 ಪಿನ್‌ಗಳಲ್ಲಿ 12 ಮತ್ತು 15ನೆಯವು ಅದನ್ನು ಸಾಗಿಸುತ್ತವೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಳಚಿ, ಅಗಲದ ಬದಿ ಮೇಲೆ ಬರುವಂತೆ ಹಿಡಿದು ನೋಡಿ. ಐದೈದು ಪಿನ್‌ಗಳ ಮೂರು ಸಾಲು ಕಾಣುತ್ತವೆ. ಕೆಳಸಾಲಿನಲ್ಲಿ ಎಡದಿಂದ ಎರಡನೆಯದು 12, ಕೊನೆಯದು 15. ಇವುಗಳಲ್ಲಿ ಒಂದು ಬಾಗಿದ್ದರೂ, ಒಳಕ್ಕೆ ಕುಸಿದಿದ್ದರೂ ವಿಂಡೋಸ್‌ಗೆ ಅದು ಯಾವ ಮಾನಿಟರ್ ಎಂದೇ ತಿಳಿಯುವುದಿಲ್ಲ. 'ಜನರಿಕ್ ನಾನ್-ಪಿಎನ್‌ಪಿ ಮಾನಿಟರ್' ಎಂದು ಹೆಸರು ಕೊಟ್ಟು ಸುಮ್ಮನಾಗುತ್ತದೆ. ನಡುಸಾಲಿನ 9ನೆಯ ಪಿನ್ ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದನ್ನು ದೋಷವೆಂದು ಎಣಿಸಬೇಡಿ. ಬಾಗಿದ ಪಿನ್ನನ್ನು ಸಣ್ಣ ಚಿಮಟದಿಂದ ಒಂದು ಸಲ ನೆಟ್ಟಗೆ ಮಾಡಬಹುದು. ಅದೇ ಪಿನ್ ಮತ್ತೆ ಬಾಗಿದರೆ ಮುರಿಯುವುದೇ ಹೆಚ್ಚು, ಕೇಬಲ್ ಬದಲಾಯಿಸಿ. ಒಂದು ಸಿಗ್ನಲ್ಲನ್ನು ಎರಡು ಮಾನಿಟರಿಗೆ ಹಂಚುವ ಸ್ಪ್ಲಿಟರ್ ನಡುವೆ ಇದ್ದರೆ ಅದನ್ನು ಬಿಡಿಸಿಯೂ ನೋಡಿ. ಅಗ್ಗದವು ಈ ಮಾಹಿತಿಯನ್ನು ದಾಟಿಸುವುದಿಲ್ಲ.

ಪ್ರಶ್ನೆ: ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಎಡಬಲದಲ್ಲಿ ಅಗಲವಾದ ಕಪ್ಪು ಪಟ್ಟಿ, ಐಕಾನ್‌ಗಳೆಲ್ಲ ದಪ್ಪ.
– ಓದುಗರು, ಗುಂಡ್ಲುಪೇಟೆ

ಉತ್ತರ: ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ. ವಿಂಡೋಸ್ ಕೀಲಿಯ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ಬಿಡಿಸಿ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಅದೇ ಸಾಕ್ಷಿ. ಸರಿಯಾದ ಡ್ರೈವರ್ ಇಲ್ಲದಾಗ ವಿಂಡೋಸ್ ಹಲವು ಸಲ 1024×768ರಂಥ ಕಡಿಮೆ ರೆಸಲ್ಯೂಶನ್‌ನಲ್ಲೇ ನಿಲ್ಲುತ್ತದೆ. 1024×768ರ ಚಿತ್ರ 4:3 ಆಕಾರದ್ದು. 1080 ಚುಕ್ಕಿ ಎತ್ತರಕ್ಕೆ ಅದು 1440 ಚುಕ್ಕಿ ಅಗಲವಷ್ಟೇ ಆಗುವುದರಿಂದ ಎಡಬಲಕ್ಕೆ ತಲಾ 240 ಚುಕ್ಕಿ ಉಳಿಯುತ್ತದೆ. ಮಾನಿಟರಿನ ಮೆನುವಿನಲ್ಲಿ 'ಫುಲ್' ಒತ್ತಿ ಪಟ್ಟಿ ಮುಚ್ಚಲು ಹೋಗಬೇಡಿ, ಪಟ್ಟಿ ಹೋಗುತ್ತದೆ, ಜೊತೆಗೆ ದುಂಡಗಿನದೆಲ್ಲ ಮೊಟ್ಟೆಯಾಗುತ್ತದೆ. ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ಕಂಪನಿಯ ತಾಣದಿಂದ ಡ್ರೈವರ್ ಇಳಿಸಿಕೊಂಡು ಹಾಕಿ, ರೀಸ್ಟಾರ್ಟ್ ಮಾಡಿ, ಡಿಸ್‌ಪ್ಲೇ ಸೆಟಿಂಗ್ಸ್‌ನಲ್ಲಿ 'ರೆಕಮೆಂಡೆಡ್' ಎಂದಿರುವ ರೆಸಲ್ಯೂಶನ್ ಆರಿಸಿ. ನೆಟ್ ಡ್ರೈವರ್ ಕೂಡ ಹೋಗಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಕೆಲಸ ಸಾಗುತ್ತದೆ.

ಪ್ರಶ್ನೆ: ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ಉಲ್ಟಾ ತೊಂದರೆ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಪರದೆಯ ಆಚೆಗೆ ಹೋಗಿದೆ.
– ಓದುಗರು, ಕಾಸರಗೋಡು

ಉತ್ತರ: ಸಾಗರದ ಓದುಗರಿಗೆ ಹೇಳಿದ ಟಿವಿ ರೂಢಿಯೇ ಇಲ್ಲಿ ನಿಜವಾಗಿ ನಡೆಯುತ್ತಿದೆ. ಸರಿಪಡಿಸಬೇಕಾದ್ದು ಟಿವಿಯಲ್ಲಿ, ಲ್ಯಾಪ್‌ಟಾಪಿನಲ್ಲಲ್ಲ. ರಿಮೋಟಿನ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ವಿಭಾಗದಲ್ಲಿ ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್', ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ 'ಸ್ಕ್ರೀನ್ ಫಿಟ್' ಎಂಬ ಹೆಸರಿರುತ್ತದೆ. ಅಂಥದ್ದು ಸಿಗದಿದ್ದರೆ ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು 'ಪಿಸಿ' ಎಂದು ಬದಲಾಯಿಸಿ ನೋಡಿ. ಅಷ್ಟಕ್ಕೇ ಕತ್ತರಿಸುವುದನ್ನು ನಿಲ್ಲಿಸುವ ಟಿವಿಗಳಿವೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಕುಗ್ಗಿಸುವುದು ಕೊನೆಯ ದಾರಿ. ಹಾಗೆ ಮಾಡಿದರೆ ಚಿತ್ರ ಒಮ್ಮೆ ಕುಗ್ಗಿ ಮತ್ತೊಮ್ಮೆ ಹಿಗ್ಗಿ ಅಕ್ಷರ ಹಾಳಾಗುತ್ತದೆ.

ಪ್ರಶ್ನೆ: ಕನ್ನಡ ಅಕ್ಷರ ತೀರ ಸಣ್ಣದಾಯಿತೆಂದು ಅಪ್ಪನಿಗಾಗಿ ರೆಸಲ್ಯೂಶನ್ 1280×720ಕ್ಕೆ ಇಳಿಸಿದೆ. ಪರದೆ ತುಂಬಿದೆ, ಅಕ್ಷರವೂ ದೊಡ್ಡದಾಗಿದೆ. ಆದರೆ ಓದಲು ಮೊದಲಿಗಿಂತ ಕಷ್ಟ ಎನ್ನುತ್ತಾರೆ.
– ಓದುಗರು, ಮೈಸೂರು

ಉತ್ತರ: ಅವರು ಹೇಳುವುದು ಸರಿ. 1920 ಚುಕ್ಕಿಯ ಪರದೆಯಲ್ಲಿ 1280ರ ಚಿತ್ರವನ್ನು ಹಿಗ್ಗಿಸಿದರೆ ಒಂದು ಚುಕ್ಕಿ ಒಂದೂವರೆ ಚುಕ್ಕಿಯಾಗಬೇಕು. ಅರ್ಧ ಚುಕ್ಕಿ ಎಂಬುದಿಲ್ಲ, ಆ ಅರ್ಧ ಬೂದುಬಣ್ಣವಾಗಿ ಹರಡುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡಕ್ಕೆ ಆಗದು: ದ ಮತ್ತು ಧ ನಡುವಿನ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು ಮಾತ್ರ, 'ರಾಷ್ಟ್ರ'ದ ಎರಡು ಒತ್ತುಗಳು ಕೂರುವುದು ಕೆಲವೇ ಚುಕ್ಕಿಗಳಲ್ಲಿ. ಬೂದು ತುಂಬಿಕೊಂಡರೆ ಅವೆಲ್ಲ ಒಂದೇ ಮುದ್ದೆ.

ರೆಸಲ್ಯೂಶನ್ನನ್ನು 1920×1080ಕ್ಕೇ ಮರಳಿಸಿ. ಅದೇ ಡಿಸ್‌ಪ್ಲೇ ಸೆಟಿಂಗ್ಸ್ ಪುಟದಲ್ಲಿ 'ಸ್ಕೇಲ್' ಎಂಬಲ್ಲಿ 100% ಇರುವುದನ್ನು 125% ಮಾಡಿ, ಸಾಲದಿದ್ದರೆ 150%. ಆಗ ವಿಂಡೋಸ್ ಅಕ್ಷರವನ್ನೇ ಹೊಸದಾಗಿ ದೊಡ್ಡದು ಬರೆಯುತ್ತದೆ, ಚುಕ್ಕಿ ಎಳೆಯುವುದಿಲ್ಲ. ಒಮ್ಮೆ ಸೈನ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಯಾವುದೋ ಒಂದು ಹಳೆಯ ಪ್ರೋಗ್ರಾಂ ಮಾತ್ರ ಮಬ್ಬಾಗಿಯೇ ಉಳಿದರೆ ಅದರ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟಿಂಗ್ಸ್' ಎಂದು ಸಾಗಿ ಕೆಳಗಿನ 'ಓವರ್‌ರೈಡ್' ಚೌಕಕ್ಕೆ ಗುರುತು ಹಾಕಿ, ಪಟ್ಟಿಯಿಂದ 'ಸಿಸ್ಟಂ (ಎನ್‌ಹ್ಯಾನ್ಸ್ಡ್)' ಆರಿಸಿ ಆ ಪ್ರೋಗ್ರಾಂ ಮುಚ್ಚಿ ತೆರೆಯಿರಿ.