ಹಳೆಯ ಇಂಗ್ಲಿಷ್ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ಒಳಗೆ ರಾಳ ತುಂಬಿದ್ದರೆ ಅದು ನಕಲಿಯೇ?

ಅಲ್ಲ, ಅಷ್ಟಕ್ಕೇ ನಕಲಿ ಅನ್ನಬೇಡಿ. 18ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನವರು ಇವನ್ನು ಹೆಚ್ಚಾಗಿ ಎರಕ ಹೊಯ್ದು ಮಾಡುತ್ತಿದ್ದರು. ಅದಕ್ಕೆ ಬೆಳ್ಳಿ ಜಾಸ್ತಿ ಬೇಕು, ಬೆಲೆಯೂ ಜಾಸ್ತಿ. ಆಮೇಲೆ ಶೆಫೀಲ್ಡ್‌ನ ಕುಶಲಕರ್ಮಿಗಳು ತೆಳು ಬೆಳ್ಳಿ ತಗಡನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ, ತುಂಡುಗಳನ್ನು ಬೆಸೆದು, ಉರುಳದಿರಲಿ ಅಂತ ಒಳಗೆ ರಾಳ ತುಂಬಿದರು. ಎಷ್ಟು ಚೆಂದದ ಉಪಾಯ ಅಲ್ವಾ!

ಬುಡದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ನಡೆಯುವ ಸಿಂಹದ ಮುದ್ರೆ ಅಂದರೆ 92.5% ಬೆಳ್ಳಿ. ಜೊತೆಗಿರುವ ಕಿರೀಟ ಶೆಫೀಲ್ಡಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. ಬೆಳ್ಳಿಯ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುವ ಸ್ವಂತ ಕಚೇರಿ ಈ ಎರಡೂ ಊರಿಗೆ ಸಿಕ್ಕಿದ್ದು 1773ರಲ್ಲಿ. ಸವೆದ ಕಡೆ ತಾಮ್ರದ ಕೆಂಪು ಇಣುಕಿದರೆ ಅದು ಬರೀ ಬೆಳ್ಳಿ ಹೊದಿಕೆಯದ್ದು.

ಸುಮ್ನೆ ತೂಕ ಹಾಕಿ ಬೆಳ್ಳಿ ದರ ಕಟ್ಟಬೇಡಿ, ರಾಳವೂ ತೂಗುತ್ತದೆ. ತೊಳೆಯುವಾಗ ಬಿಸಿನೀರಲ್ಲಿ ನೆನೆಹಾಕಲೇಬೇಡಿ. ಒಳಗಿನ ರಾಳ ಮೆತ್ತಗಾಗುತ್ತದೆ.