ಕನ್ನಂಬಾಡಿ ಕಟ್ಟೆಗೆ ಬೇರೆಯವರ ಕಥೆ ಯಾಕೆ?

ಪತ್ರ: ಸಂಪಾದಕರೇ, ಈ ರಜೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆವು. ಡಿಸ್ನಿ ವರ್ಲ್ಡ್‌ನ ‘ಆರ್ಟ್ ಆಫ್ ಆ್ಯನಿಮೇಷನ್’ ಹೋಟೆಲಿನಲ್ಲಿ ಎರಡು ರಾತ್ರಿ ಉಳಿದುಕೊಂಡೆವು. ‘ಕಾರ್ಸ್’ ಸಿನಿಮಾದ ಥೀಮಿನ ಕೋಣೆ. ಏಳು ವರ್ಷದ ಮಗ ಖುಷಿಗೆ ನಿದ್ದೆಯನ್ನೇ ಮಾಡಲಿಲ್ಲ. ನಮ್ಮ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್‌ನಲ್ಲೂ ಡಿಸ್ನಿಲ್ಯಾಂಡ್ ಥರದ ಪಾರ್ಕು ಬರುತ್ತದೆ ಎನ್ನುತ್ತಾರೆ. ಬಂದರೆ ಅಲ್ಲಿನ ಹೋಟೆಲೂ ಹೀಗೇ ಇರಲಿ. ಒಂದು ಮಹಡಿ ಸೂಪರ್‌ಹೀರೋಗಳಿಗೆ, ಇನ್ನೊಂದು ಮಹಡಿ ನಮ್ಮ ಕನ್ನಡದ ಹಿಟ್ ಸಿನಿಮಾಗಳಿಗೆ. ಮಕ್ಕಳು ಮುಗಿಬೀಳುತ್ತಾರೆ. ನಿಮಗೇನನ್ನಿಸುತ್ತದೆ?
– ಒಬ್ಬ ಶಿಕ್ಷಕಿ, ಮಂಡ್ಯ

ಸಂಪಾದಕರ ಉತ್ತರ:

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಮಗನ ಜೊತೆ ನಾನೂ ಖುಷಿಪಟ್ಟೆ. ಎರಡನೇ ಸಲ ನಿಮ್ಮ ಜೊತೆ ಸ್ವಲ್ಪ ಜಗಳ ಆಡಲೇಬೇಕು ಅನ್ನಿಸಿತು.

ಮಗುವಿನ ಸಂತೋಷಕ್ಕೆ ಎದುರು ಮಾತಿಲ್ಲ. ದಿನವೆಲ್ಲ ಬಿಸಿಲಿನಲ್ಲಿ ಸುತ್ತಿ, ಕಾಲು ನೋಯಿಸಿಕೊಂಡು ಬಂದು ಬಾಗಿಲು ತೆಗೆದರೆ ಎದುರಿಗೆ ತನ್ನ ಪ್ರೀತಿಯ ಕಾರು! ಯಾವ ಹುಡುಗ ತಾನೇ ಕುಣಿಯುವುದಿಲ್ಲ? ನೀವು ಉಳಿದಿದ್ದ ಆ ಹೋಟೆಲು 2012ರಲ್ಲಿ ಶುರುವಾದದ್ದು. ಸುಮಾರು 2000 ಕೋಣೆ ಕಟ್ಟಿದ್ದಾರೆ ಎಂದರೆ ಅದರ ವ್ಯಾಪಾರ ಅವರಿಗೆ ಗೊತ್ತಿದೆ. ಇಷ್ಟನ್ನು ಒಪ್ಪಿಕೊಂಡೆ. ಈಗ ನನ್ನ ಮಾತು ಕೇಳಿ.

ಮೂರು ವರ್ಷದ ಹಿಂದೆ ಬೆಂಗಳೂರಿನ ಹತ್ತಿರ ಒಂದು ರೆಸಾರ್ಟಿನಲ್ಲಿ ನಾವು ಮನೆಮಂದಿ ಒಂದು ರಾತ್ರಿ ಉಳಿದಿದ್ದೆವು. ಮೊಮ್ಮಗಳಿಗೆ ಆಗ ಆರು ವರ್ಷ. ‘ಕಿಡ್ಸ್ ಥೀಮ್ ರೂಮ್’ ಎಂದು ಬಾಡಿಗೆ ಜಾಸ್ತಿ ತೆಗೆದುಕೊಂಡರು. ಒಳಗೆ ಹೋದರೆ ಗೋಡೆತುಂಬ ಒಂದು ಕಾರ್ಟೂನಿನ ಸ್ಟಿಕ್ಕರ್. ಏಸಿ ಕೆಳಗೆ ನೀರು ಸೋರಿ ಅದರ ಒಂದು ಕಿವಿ ಕಿತ್ತುಬಂದಿತ್ತು. ಕಿತ್ತ ಜಾಗದಲ್ಲಿ ಅದಕ್ಕಿಂತ ಹಳೆಯ ಇನ್ನೊಂದು ಸ್ಟಿಕ್ಕರಿನ ನೀಲಿ ಬಣ್ಣ ಕಾಣುತ್ತಿತ್ತು. ಮಗು ನೋಡಿ, “ತಾತ, ಇದ್ಯಾರು?” ಎಂದಳು. ನನಗೆಲ್ಲಿ ಗೊತ್ತು? ನೀರಿನ ಬಾಟಲಿ ತಂದ ಹುಡುಗನನ್ನು ಕೇಳಿದೆ. “ಅದು ಹಳೇದು ಸಾರ್, ಈಗಿನ ಮಕ್ಕಳು ನೋಡಲ್ಲ. ಮುಂದಿನ ತಿಂಗಳು ಚೇಂಜ್ ಮಾಡ್ತೀವಿ” ಎಂದ.

ಆ ಸ್ಟಿಕ್ಕರು ಕಿಟಕಿಯ ಅರ್ಧ ಗಾಜನ್ನೂ ಮುಚ್ಚಿತ್ತು. ಬೆಳಿಗ್ಗೆ ಮೊಮ್ಮಗಳು ಉಳಿದರ್ಧದಲ್ಲಿ ಮೂಗು ಒತ್ತಿಕೊಂಡು ನಿಂತಿದ್ದಳು. ಹಿಂದೆ ಒಂದು ಕೆರೆ. ನೀರಲ್ಲಿ ಎಮ್ಮೆ ಮಲಗಿತ್ತು, ಎಮ್ಮೆ ಬೆನ್ನಿನ ಮೇಲೆ ಬೆಳ್ಳಕ್ಕಿ. ಎಮ್ಮೆ ತಲೆ ಕೊಡವಿದಾಗಲೆಲ್ಲ ಬೆಳ್ಳಕ್ಕಿ ಒಂದಡಿ ಹಾರಿ ಮತ್ತೆ ಅಲ್ಲೇ ಕೂರುತ್ತಿತ್ತು. ಅರ್ಧ ಗಂಟೆ ಅವಳು ಅಲ್ಲಿಂದ ಕದಲಲಿಲ್ಲ. ತಿಂಡಿಗೆ ಎಳೆದುಕೊಂಡು ಹೋಗಬೇಕಾಯಿತು.

ನನ್ನ ತಕರಾರು ಆ ಅರ್ಧ ಕಿಟಕಿಯದ್ದೇ. ಹೊಸ ಊರಿನಲ್ಲಿ ಉಳಿದುಕೊಳ್ಳುವುದು ಆ ಊರಿನಲ್ಲಿ ಕಣ್ಣು ಬಿಡುವುದಕ್ಕೆ. ಸಿನಿಮಾದ ಕೋಣೆ ಆ ಊರನ್ನೇ ಮುಚ್ಚಿಬಿಡುತ್ತದೆ.

ಡಿಸ್ನಿಯವರನ್ನೇ ತೆಗೆದುಕೊಳ್ಳಿ. 1971ರಲ್ಲಿ ಫ್ಲಾರಿಡಾದ ಪಾರ್ಕು ತೆರೆದಾಗ ಅವರು ತಮ್ಮದೇ ಎರಡು ಹೋಟೆಲು ತೆರೆದರು. ಒಂದು ದಕ್ಷಿಣ ಸಮುದ್ರದ ದ್ವೀಪಗಳ ರೀತಿಯದ್ದು. ಇನ್ನೊಂದು ಕಂಟೆಂಪರರಿ, ಅದರ ಹೊಟ್ಟೆಯೊಳಗೇ ಮೋನೋರೈಲು ಹಾದುಹೋಗುತ್ತದೆ. ಕೈಯಲ್ಲಿ ಮಿಕ್ಕಿ ಮೌಸ್ ಇದ್ದರೂ ಆ ಕಾಲದಲ್ಲಿ ಅವರು ಹೋಟೆಲಿಗೆ ಯಾವ ಸಿನಿಮಾದ ಹೆಸರನ್ನೂ ಅಂಟಿಸಲಿಲ್ಲ. ಕಂಟೆಂಪರರಿಯ ನಡುವೆ ಮೇರಿ ಬ್ಲೇರ್ ಎಂಬ ಕಲಾವಿದೆ ಮಾಡಿದ ಹೆಂಚಿನ ಚಿತ್ರಗೋಡೆ ಇದೆ. 90 ಅಡಿ ಎತ್ತರ. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮಕ್ಕಳು, ಹಕ್ಕಿ, ಪ್ರಾಣಿಗಳು. ಅದರಲ್ಲಿ ಒಂದು ಮೇಕೆಗೆ ಐದು ಕಾಲು! ಬೇಕೆಂದೇ ಹಾಗೆ ಬರೆದದ್ದು. ಇವತ್ತಿಗೂ ಜನ ಆ ಮೇಕೆಯನ್ನು ಹುಡುಕಿ ಕಾಲು ಎಣಿಸುತ್ತಾರೆ. ಐವತ್ತು ವರ್ಷವಾದರೂ ಮೇಕೆ ಹಳತಾಗಲಿಲ್ಲ. ಅದೇ ಹೋಟೆಲಿನ ಕೋಣೆಗಳಿಗೆ 2021ರಲ್ಲಿ ಒಂದು ಸೂಪರ್‌ಹೀರೋ ಸಿನಿಮಾದ ವೇಷ ತೊಡಿಸಿದರು. ಓದಿದಾಗ ನನಗೆ ಹೊಟ್ಟೆ ಉರಿಯಿತು.

2001ರಲ್ಲಿ ಅವರೇ ತೆರೆದ ಇನ್ನೊಂದು ಹೋಟೆಲಿನಲ್ಲಿ ಬಾಲ್ಕನಿಗೆ ಬಂದರೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾ ಮೇಯುವುದು ಕಾಣುತ್ತದೆ. ಅಲ್ಲಿ ಕಿಟಕಿಗೇ ಮರ್ಯಾದೆ. ಅದಕ್ಕೆ ಎದುರಾಗಿ 2022ರ ಮಾರ್ಚ್‌ನಲ್ಲಿ ತೆರೆದ ‘ಸ್ಟಾರ್ ವಾರ್ಸ್’ ಹೋಟೆಲನ್ನು ಇಡಿ. 100 ಕೋಣೆ. ಇಬ್ಬರು ಎರಡು ರಾತ್ರಿ ಉಳಿಯಲು ಸುಮಾರು 4800 ಡಾಲರು, ಅಂದರೆ ಆಗ ಮೂರೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಕೋಣೆಯಲ್ಲಿ ಕಿಟಕಿ ಇರುವ ಜಾಗದಲ್ಲಿ ಟಿವಿ ಥರದ ಪರದೆ, ಪರದೆಯಲ್ಲಿ ನಕ್ಷತ್ರ. ಸಿನಿಮಾದ ಅಭಿಮಾನಿಗಳು ಬಹಳ ಮೆಚ್ಚಿದರಂತೆ, ಇಲ್ಲ ಎನ್ನುವುದಿಲ್ಲ. ಆದರೆ 2023ರ ಸೆಪ್ಟೆಂಬರಿಗೆ ಬಾಗಿಲು ಹಾಕಿತು. ಜಗತ್ತಿನ ಅಷ್ಟು ದೊಡ್ಡ ಸಿನಿಮಾ ಹೆಸರು ಎರಡು ವರ್ಷವೂ ಹೋಟೆಲು ನಡೆಸಲಿಲ್ಲ.

ಇನ್ನೊಂದು ವಿಷಯ. ‘ಟಾಯ್ ಸ್ಟೋರಿ’ ಹೋಟೆಲು ಶಾಂಘೈನಲ್ಲಿದೆ, 2016ರದ್ದು. ಅದೇ ಹೆಸರಿನದ್ದು ಟೋಕಿಯೋ ಪಕ್ಕದಲ್ಲೂ ಇದೆ, 2022ರದ್ದು. ಅವೇ ಬೊಂಬೆಗಳು. ಮಗು ಬೆಳಿಗ್ಗೆ ಎದ್ದರೆ ಚೀನಾದಲ್ಲಿದ್ದೇನೋ ಜಪಾನಿನಲ್ಲಿದ್ದೇನೋ ಎಂದು ಗೋಡೆ ನೋಡಿ ಹೇಳಲಾರದು. ನಾಳೆ ಕೆಆರ್‌ಎಸ್‌ನಲ್ಲೂ ಅಂಥದ್ದೇ ಕಟ್ಟಿದರೆ ಅದು ಯಾರ ಊರು ತಾಯಿ? ಕಥೆಯ ಯಜಮಾನರು ಎಲ್ಲೋ ಕೂತಿರುತ್ತಾರೆ. ಅವರ ಹೆಸರು ಬಳಸಿದ್ದಕ್ಕೆ ನಾವು ದುಡ್ಡು ಕಟ್ಟುತ್ತಿರಬೇಕು. ಅವರು ಹೇಳಿದ ಬಣ್ಣವನ್ನೇ ಬಳಿಯಬೇಕು.

ಕನ್ನಡ ಸಿನಿಮಾದ ಮಹಡಿ ಎಂದಿದ್ದೀರಿ. ರಾಜ್‌ಕುಮಾರ್ ಅವರ ಚಿತ್ರಗಳನ್ನು ಟೆಂಟಿನಲ್ಲಿ ಮಣ್ಣಿನ ಮೇಲೆ ಕೂತು ನೋಡಿ ಬೆಳೆದವನು ನಾನು. ಆದರೂ ಬೇಡ ಎನ್ನುತ್ತೇನೆ. ಇವತ್ತಿನ ಹಿಟ್ ಸಿನಿಮಾ ಐದು ವರ್ಷಕ್ಕೆ ಆ ಕಿವಿ ಕಿತ್ತ ಸ್ಟಿಕ್ಕರೇ ಆಗುತ್ತದೆ.

ಹಾಗಾದರೆ ನಕಲು ಮಾಡುವುದೇ ತಪ್ಪೇ ಎಂದು ಕೇಳುತ್ತೀರಿ. ಅಲ್ಲ. ಕಟ್ಟೆ ಕೆಳಗಿನ ಬೃಂದಾವನ ತೋಟವೇ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. ದಿವಾನ್ ಮಿರ್ಜಾ ಇಸ್ಮಾಯಿಲರು ಕನಸು ಕಂಡರು, ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಗಿಡ ಹಾಕಿಸಿದರು. ನಮ್ಮ ಲಲಿತ ಮಹಲಿನ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೋಡಿ ಕಟ್ಟಿದ್ದು, 1921ರಲ್ಲಿ ಶುರುಮಾಡಿ, ವೈಸ್‌ರಾಯ್ ಉಳಿಯಲಿ ಎಂದು. ಆದರೆ ಅವರು ತಂದದ್ದು ರೂಪವನ್ನು. ನೀರು ಕಾವೇರಿಯದ್ದು, ಎದುರಿನ ಬೆಟ್ಟ ಚಾಮುಂಡಿಯದ್ದು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಮೈಸೂರಿನಿಂದ ಬಸ್ಸಿನಲ್ಲಿ ಬೃಂದಾವನಕ್ಕೆ ಹೋಗಿದ್ದೆವು. ಹೋಟೆಲಿನಲ್ಲಿ ಉಳಿಯಲು ದುಡ್ಡಿರಲಿಲ್ಲ. ದೀಪ ಆರಿಸಿ, ಕಾರಂಜಿ ನಿಲ್ಲಿಸಿದ ಮೇಲೆ ಒಂದು ಕ್ಷಣ ಕಟ್ಟೆ ಕಡೆಯಿಂದ ನೀರಿನ ಸದ್ದು ಮಾತ್ರ ಕೇಳಿಸಿತು. ನನ್ನಾಕೆ, “ಇದನ್ನ ಕೇಳ್ತಾ ಮಲಗೋರು ಪುಣ್ಯವಂತರು” ಎಂದಳು. ಕೊನೇ ಬಸ್ಸಿಗೆ ಓಡಿದೆವು.

ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾಡುವ ಮಾತು 2018ರಿಂದ ಕೇಳುತ್ತಿದ್ದೇನೆ. ಕಟ್ಟೆ ಪಕ್ಕ ಪಾರ್ಕು ಬೇಕೇ ಬೇಡವೇ ಎನ್ನುವುದು ಬೇರೆ ಜಗಳ. ರೈತರ ಆತಂಕ ನನಗೂ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಆದರೆ ಹೋಟೆಲು ಕಟ್ಟುವುದೇ ಆದರೆ, ಕಥೆಯನ್ನೂ ಬೇರೆಯವರಿಂದ ಸಾಲ ತರಬೇಕೇ? ಮಂಡ್ಯದವರು ನೀವು. 124.80 ಅಡಿ ಎಂದರೆ ಕಟ್ಟೆ ತುಂಬಿತು ಎಂದು ನಿಮ್ಮ ತರಗತಿಯ ಮಕ್ಕಳಿಗೂ ಗೊತ್ತು, ಅಲ್ವಾ? ಮಳೆಗಾಲದಲ್ಲಿ ಬೆಳಿಗ್ಗೆ ಪೇಪರು ಬಿಡಿಸಿದರೆ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟ. ತುಂಬಿದರೆ ನಗು, ಬಾಗಿನ. ಇಳಿದರೆ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಸಂಕಟ. ಆ ಹೋಟೆಲಿನ ಬಾಗಿಲಲ್ಲೇ ಒಂದು ಕಪ್ಪು ಹಲಗೆ ಇಟ್ಟು, ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ‘ಇವತ್ತು ಇಷ್ಟು ಅಡಿ’ ಎಂದು ಬರೆಯಲಿ. ದಿಲ್ಲಿಯಿಂದ ಬಂದ ಮಗು ಯಾಕೆ ಎಂದು ಕೇಳುತ್ತದೆ. ಅಲ್ಲಿಂದ ಕಥೆ ಶುರು.

ಆ ಕಟ್ಟೆಯ ಕಥೆಯೇನು ಸಾಮಾನ್ಯವೇ? 1911ರಲ್ಲಿ ಕೆಲಸ ಶುರು. ಸಿಮೆಂಟು ಇಲ್ಲ, ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆ. ರಾಜಮನೆತನದ ಒಡವೆ ಮಾರಿ ಕಟ್ಟಿಸಿದರು ಎಂದು ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ. ನೀರು ಏರಿತು, ಹಳೇ ಕನ್ನಂಬಾಡಿ ಮುಳುಗಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಬರ ಬಂದು ನೀರು ಇಳಿದ ವರ್ಷ ಅದು ತಲೆ ಎತ್ತುತ್ತಿತ್ತು. ಮಳೆ ಬಂದರೆ ಮತ್ತೆ ಒಳಗೆ. ಹೀಗೆ ಎಪ್ಪತ್ತು ವರ್ಷ. ಆಮೇಲೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಮೇಲೆ ತಂದು, ಹೊಸ ಕನ್ನಂಬಾಡಿಯಲ್ಲಿ ಜೋಡಿಸಿ ನಿಲ್ಲಿಸಿದರು. ಕೊಳಲು ಹಿಡಿದ ದೇವರು ನೀರೊಳಗೆ ಕಾದಿದ್ದು ಮೇಲೆ ಬಂದ! ಯಾವ ಸೂಪರ್‌ಹೀರೋ ಇದರ ಮುಂದೆ ನಿಲ್ಲುತ್ತಾನೆ ಹೇಳಿ. ಇನ್ನು ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು. ಮನೆ ಪಕ್ಕದ ಹುಣಸೆಮರದಲ್ಲಿ ಹೆಜ್ಜಾರ್ಲೆ ಗೂಡು ಕಟ್ಟಿದರೆ, ಬಾಣಂತನಕ್ಕೆ ತವರಿಗೆ ಬಂದ ಮಗಳು ಎನ್ನುತ್ತಾರೆ ಅಲ್ಲಿನ ಜನ. ಮಳವಳ್ಳಿ ಕಡೆ ಮಂಟೇಸ್ವಾಮಿ ಒಕ್ಕಲಿನ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ ಶಿಷ್ಯ ಸಿದ್ಧಪ್ಪಾಜಿಗೆ ಅಲ್ಲಿನ ಕಮ್ಮಾರರಾದ ಪಾಂಚಾಳರು ಕೊಟ್ಟ ಕಷ್ಟ, ಅವನು ಗೆದ್ದ ಬಗೆ. ಇವಕ್ಕೆಲ್ಲ ಯಾರಿಗೂ ದುಡ್ಡು ಕಟ್ಟಬೇಕಿಲ್ಲ. ಹಾಡುವವರಿಗೆ ಕೊಡಿ, ಅಷ್ಟೇ.

ಟೀಚರ್ ನೀವು, ಅದಕ್ಕೇ ಸ್ವಲ್ಪ ಗದರುತ್ತಿದ್ದೇನೆ. ಶಾಲೆ ಪ್ರವಾಸದ ಬಸ್ಸು ಬಿಡದಿಯ ನೀರಾಟದ ಪಾರ್ಕಿನಲ್ಲಿ ದಿನವೆಲ್ಲ ನಿಲ್ಲುತ್ತದೆ. ಆಡಲಿ, ಮಕ್ಕಳು ಆಡಬೇಕು. ಅದೇ ದಾರಿಯಲ್ಲಿ ರಾಮನಗರದ ಪಕ್ಕ ನಮ್ಮ ನಾಗಮಂಗಲ ಕಡೆಯ ಎಚ್.ಎಲ್. ನಾಗೇಗೌಡರು ಜೀವ ತೇದು ಕಟ್ಟಿದ ಜಾನಪದ ಲೋಕ ಇದೆ. ಅಲ್ಲಿ ಒಂದು ಗಂಟೆ ನಿಲ್ಲಿಸಿದ್ದೀರಾ? ಹೊಸ ಹೈವೇ ಬಂದು ಊರುಗಳೆಲ್ಲ ಬೈಪಾಸ್ ಆದ ಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿ ಮುಂದೆ ಕಾರು ನಿಲ್ಲಿಸುವವರೂ ಕಮ್ಮಿ. ಮೈಸೂರಿನಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಹೋದರೆ ಛತ್ರದ ತುಂಬ ಅದೇ ಅಮೆರಿಕದ ಕಾರ್ಟೂನಿನ ಫ್ಲೆಕ್ಸು. ಹೊಸ ಬಡಾವಣೆಗಳಿಗೆ ಇಂಗ್ಲೆಂಡಿನ ಹಳ್ಳಿಗಳ ಹೆಸರು. ಆ ಜಾಗದಲ್ಲಿದ್ದ ಕೆರೆಯ ಹೆಸರು, ಹೊಲದ ಹೆಸರು ಪಕ್ಕದ ಮನೆಯವರಿಗೂ ನೆನಪಿಲ್ಲ. ಇಷ್ಟೆಲ್ಲ ಅಳಿಸಿಕೊಂಡ ಮೇಲೆ ಕಟ್ಟೆಯ ಬುಡದಲ್ಲೂ ಬೇರೆಯವರ ಸ್ಟಿಕ್ಕರ್ ಅಂಟಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಿಮ್ಮ ಮಗ ಚುರುಕು ಹುಡುಗ ಎಂದು ಪತ್ರದಲ್ಲೇ ಗೊತ್ತಾಗುತ್ತದೆ. ಬರುವ ಭಾನುವಾರ ಬಿಡುವಿದ್ದರೆ ಅವನನ್ನು ಹೊಸ ಕನ್ನಂಬಾಡಿಗೆ ಕರೆದುಕೊಂಡು ಹೋಗಿ. ಬುತ್ತಿಗೆ ಪುಳಿಯೋಗರೆ ಇರಲಿ. ಹಿನ್ನೀರಿನ ದಡದಲ್ಲಿ ಕೂತು, ಈ ದೇವಸ್ಥಾನ ಇಲ್ಲೇ ನೀರೊಳಗಿತ್ತು ಎಂದು ಮಾತ್ರ ಹೇಳಿ. ಉಳಿದದ್ದನ್ನು ಅವನೇ ಕೇಳುತ್ತಾನೆ. ಏನೇನು ಕೇಳಿದ ಎಂದು ನನಗೆ ಬರೆಯಿರಿ.