ಮಧ್ಯಾಹ್ನದ ಆಮ್ಲಜನಕ ನೋಡಿ ಹಳ್ಳ ಚೆನ್ನಾಗಿದೆ ಎನ್ನಬೇಡಿ

ಸರ್, ಹೆಸರಘಟ್ಟದ ಕಡೆಗೆ ಹರಿಯುವ ಹಳ್ಳದಲ್ಲಿ ಮಧ್ಯಾಹ್ನ ಎರಡಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 11.8 ಮಿಲಿಗ್ರಾಂ ಬಂತು, ಟಿಡಿಎಸ್ (ಕರಗಿದ ಲವಣಗಳ ಅಳತೆ) ಕೂಡ ಕಡಿಮೆ, ಹಾಗಾಗಿ ಹಳ್ಳ ಆರೋಗ್ಯವಾಗಿದೆ ಎಂದು ನಿನ್ನೆ ಚಿತ್ರ ಸಮೇತ ಇಲ್ಲಿ ಬರೆದಿದ್ದೀರಿ. ಇದೇ ತಪ್ಪನ್ನು ನಾನು ಮಾಡಿ ಅನುಭವಿಸಿದ್ದೇನೆ, ಅದಕ್ಕೇ ಸುಮ್ಮನಿರಲಾಗಲಿಲ್ಲ.

ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಪಡೆದು ಇಟ್ಟುಕೊಳ್ಳುವುದೇ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು. ಉಳಿದದ್ದು ಪಾಚಿಯ ಕೊಡುಗೆ. ಬಿಸಿಲಿನಲ್ಲಿ ಪಾಚಿ ಕೊಟ್ಟದ್ದನ್ನು ರಾತ್ರಿ ಅದೂ ಕೆಸರಿನ ಸೂಕ್ಷ್ಮಜೀವಿಗಳೂ ಸೇರಿ ಉಸಿರಾಡಿ ಮುಗಿಸುತ್ತವೆ. ಅಷ್ಟು ಪಾಚಿ ಬೆಳೆದಿದೆ ಎಂದರೆ ಮೇಲೆಲ್ಲೋ ಚರಂಡಿ ನೀರೋ ಗೊಬ್ಬರವೋ ಸೇರುತ್ತಿದೆ ಎಂದು ಮೊದಲು ಅನುಮಾನಿಸಬೇಕು.

ಬನ್ನೇರುಘಟ್ಟದ ಕಡೆಯ ಒಂದು ಹಳ್ಳವನ್ನು ನಾನು ಮೂರು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನದ ಊಟ ಮುಗಿಸಿಕೊಂಡು ಹೋಗಿ ಅಳೆದೆ. ಆಮ್ಲಜನಕ ಯಾವಾಗಲೂ 9 ಮಿಲಿಗ್ರಾಂ ಮೇಲೆ. ಊರಿನವರಿಗೆ ಧೈರ್ಯವನ್ನೂ ಹೇಳಿಬಿಟ್ಟೆ. ಏಪ್ರಿಲ್‌ನಲ್ಲಿ ದನ ಕಾಯುವ ಅಜ್ಜ ನಸುಕಿನಲ್ಲೇ ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಾಯಿ ಎತ್ತಿ ತೇಕುತ್ತಿದ್ದವು. ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದ ಬಾಟಲಿ ತುಂಬಿಸಿ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೋಡೈಡ್ ಬಿಟ್ಟೆ. ಪ್ರತಿ ಸಲವೂ ಕಂದು ಮೋಡದಂತೆ ಇಳಿಯುತ್ತಿದ್ದ ಗಸಿ ಅಂದು ಹಾಲಿನಷ್ಟು ಬೆಳ್ಳಗೆ ಇಳಿಯಿತು. ಬಿಳಿ ಎಂದರೆ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು. ಒಂಬತ್ತರ ಹೊತ್ತಿಗೆ ದಡದಲ್ಲಿ ಸತ್ತ ಕೆಂಡೆಮೀನುಗಳ ಸಾಲು. ಅಜ್ಜ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಆದ್ದರಿಂದ ಸೂರ್ಯ ಹುಟ್ಟುವ ಮೊದಲು ಒಂದು, ಮಧ್ಯಾಹ್ನ ಒಂದು, ಎರಡನ್ನೂ ಒಂದೇ ದಿನ ಅಳೆಯಿರಿ. ನೋಡಬೇಕಾದದ್ದು ಎರಡರ ನಡುವಿನ ಅಂತರ. ಮೋಡದ ದಿನವನ್ನೂ ಮಳೆ ಬಂದ ಮರುದಿನವನ್ನೂ ಬಿಟ್ಟುಬಿಡಿ. ಬಾಟಲಿಯಲ್ಲಿ ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ಮೀಟರೇ ಬೇಕೆಂದರೆ ವೈಎಸ್‌ಐ ಕಂಪನಿಯ, ಬೆಳಕಿನಿಂದ ಅಳೆಯುವ ಸೆನ್ಸರ್ ಇರುವುದು ನನಗೆ ಇಷ್ಟ, ಆದರೆ ದುಬಾರಿ. ಪೊರೆ ಇರುವ ಮೀಟರ್ ಅಗ್ಗ, ಪೊರೆ ಬದಲಿಸದೆ ವರ್ಷಗಟ್ಟಲೆ ಬಳಸುವವರು ದಯವಿಟ್ಟು ಇಲ್ಲಿ ಅಂಕಿ ಹಾಕಬೇಡಿ. ಇನ್ನು ಟಿಡಿಎಸ್ ಕರಗಿದ ಲವಣವನ್ನಷ್ಟೇ ಹೇಳುತ್ತದೆ, ಹಳ್ಳ ಬದುಕಿದೆಯೇ ಎಂದು ಹೇಳುವುದಿಲ್ಲ.

ಬಿದ್ದ ಎಲೆಯನ್ನು ಕರಗಿಸುವ ತನ್ನ ಕೆಲಸವನ್ನು ಹಳ್ಳ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಎಲೆಚೀಲ ಕಟ್ಟಿ. ಉದುರಿದ ಹೊಂಗೆ ಎಲೆ ಒಣಗಿಸಿ, ಐದೈದು ಗ್ರಾಂ ತೂಗಿ, ಒಂದು ಪಾಲನ್ನು ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಲೆಯಲ್ಲಿ, ಇನ್ನೊಂದನ್ನು ಒಂದು ಸೆಂಟಿಮೀಟರ್ ಕಣ್ಣಿನ ಬಲೆಯಲ್ಲಿ ಹಾಕಿ ನೀರೊಳಗಿನ ಬೇರಿಗೆ ಬಿಗಿಯಿರಿ. ಸಣ್ಣ ಕಣ್ಣಿನದರೊಳಗೆ ಹುಳು ನುಗ್ಗಲಾರದು, ದೊಡ್ಡದರೊಳಗೆ ನುಗ್ಗುತ್ತದೆ. ಎರಡು ಮೂರು ವಾರದ ನಂತರ ತೊಳೆದು, ಒಣಗಿಸಿ, ತೂಗಿ. ಎರಡರಲ್ಲೂ ಒಂದೇ ಸಮ ಕರಗಿದ್ದರೆ ಎಲೆ ತಿನ್ನುವ ಹುಳು, ಏಡಿಗಳು ಅಲ್ಲಿಲ್ಲ ಅಥವಾ ತೀರ ಕಡಿಮೆ. ಬೇಗ ಕರಗಿತೆಂದು ಹಿಗ್ಗಬೇಡಿ, ಬೆಚ್ಚಗಿನ ಕೊಳಕು ನೀರಿನಲ್ಲೂ ಸೂಕ್ಷ್ಮಜೀವಿಗಳು ಬೇಗ ಕರಗಿಸುತ್ತವೆ. ಮೇಲಿನ ಶುದ್ಧ ಜಾಗದಲ್ಲಿ ಇನ್ನೊಂದು ಜೋಡಿ ಕಟ್ಟಿದರಷ್ಟೇ ಹೋಲಿಕೆ. ನೀಲಗಿರಿ ಎಲೆ ಬೇಡ, ಅದರ ಎಣ್ಣೆಗೆ ಹುಳು ಬಾಯಿ ಹಾಕುವುದೇ ಕಷ್ಟ.

ನಿಮ್ಮ ಚಿತ್ರದಲ್ಲಿ ದಡದ ಲಕ್ಕಿ ಗಿಡಗಳನ್ನು ಜೆಸಿಬಿ ಕಿತ್ತು ಹಾಕಿದ್ದು ಕಾಣುತ್ತದೆ. ಯಾರು ಮಾಡಿಸಿದರೋ, ಇನ್ನಾದರೂ ನಿಲ್ಲಿಸಿ. ನೆರಳು ಹೋದರೆ ಪಾಚಿ ಇನ್ನಷ್ಟು ಬೆಳೆಯುತ್ತದೆ. ಅಲ್ಲಿಗೆ ಹೊಳೆಮತ್ತಿ, ಹೊಂಗೆ ಹಾಕಿಸಿ.

ಈ ಭಾನುವಾರ ಬೆಳಿಗ್ಗೆ ಐದೂವರೆಗೆ ನೀವು ಅಲ್ಲಿರುವುದಾದರೆ ತಿಳಿಸಿ. ಎರಡು ಬಾಟಲಿ, ರಾಸಾಯನಿಕ ನನ್ನ ಹತ್ತಿರ ಇವೆ, ಕೈಗವಸು ಮಾತ್ರ ನಿಮ್ಮದೇ ತನ್ನಿ.